ಖಂಡೇನವಮಿಯ ತಟ್ಟೆಗೆ ಒಂದು ಹಳೇ ಸಾಮಾನು

ಇವತ್ತು ಬೆಳಿಗ್ಗೆ ನಮ್ಮ ಕುಕ್ಕರು ಸೀಟಿ ಹೊಡೆಯುವುದನ್ನು ಬಿಟ್ಟು ಸುತ್ತಲೂ ಬುಸುಗುಟ್ಟಿತು. ಬೇಳೆಯ ನೀರೆಲ್ಲ ಒಲೆಯ ಮೇಲೆ ಹರಿದು, ಅಡುಗೆಮನೆಯ ತುಂಬ ಸುಟ್ಟ ರಬ್ಬರಿನ ವಾಸನೆ. ನಿಮ್ಮ ಮನೆಯಲ್ಲಾದರೆ ಇದು ತಲೆನೋವಿನ ವಾಸನೆ. ನನಗೆ ಮಾತ್ರ ಗಂಡನ ವಾಸನೆ. ಇದನ್ನೇ ಅಂಗಿಯಲ್ಲಿ ಹೊತ್ತುಕೊಂಡು ಅವರು ದಿನಾಲೂ ಹೊತ್ತು ಮುಳುಗುವುದರೊಳಗೆ ಊಟಕ್ಕೆ ಬರುತ್ತಿದ್ದರು.

ನಮ್ಮವರಿಗೆ ಸಾಂಗಲಿ ಮಗ್ಗುಲಿನ ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಒಂದು ಸಣ್ಣ ಕಾರ್ಖಾನೆ ಇತ್ತು. ಪಂಪು, ಟ್ರ್ಯಾಕ್ಟರುಗಳಿಗೆ ರಬ್ಬರಿನ ಆಯಿಲ್ ಸೀಲು ಮಾಡುತ್ತಿದ್ದರು. ಎಣ್ಣೆ ಸೋರದಂತೆ ತಡೆಯುವ ಬಳೆಯಂಥ ವಸ್ತು ಅದು. ಹೀಗಾಗಿ ಜಗತ್ತಿನಲ್ಲಿ ಯಾವುದು ಯಾವಾಗ ಸೋರೀತು ಎಂಬುದೊಂದೇ ಅವರ ಚಿಂತೆ. "ಕೆಟ್ಟ ಮ್ಯಾಲೆ ಬದಲ ಮಾಡಾಂವ ಗಿರಾಕಿ, ಕೆಡೂಕಿಂತ ಮೊದಲ ಬದಲ ಮಾಡಾಂವ ಮಾಲಕ." ನಾವು ಜೈನರು; ಣಮೋಕಾರ ಮಂತ್ರ ಬಿಟ್ಟರೆ ಅವರ ಬಾಯಲ್ಲಿ ಹೆಚ್ಚು ಬರುತ್ತಿದ್ದದ್ದು ಇದೇ.

ಅದಕ್ಕೆ ಅವರು ಗೊತ್ತು ಮಾಡಿಕೊಂಡ ದಿನ ಖಂಡೇನವಮಿ, ದಸರೆಯ ಆಯುಧಪೂಜೆ. ಬೇರೆಯವರು ಅಂದು ಯಂತ್ರ ತೊಳೆದು, ಹೂ ಏರಿಸಿ, ಕೈಮುಗಿದು ಸುಮ್ಮನಾದರೆ ಇವರು ಪಾನಾ, ಅಂದರೆ ಸ್ಪ್ಯಾನರು, ಹಿಡಿದು ಕೂಡುತ್ತಿದ್ದರು. ಕಾರ್ಖಾನೆಯ ಯಂತ್ರಗಳ ಸೀಲು ಮುಗಿಸಿ ಮನೆಗೆ ಬಂದರೆ ನಲ್ಲಿಯ ವಾಷರು, ಕುಕ್ಕರಿನ ರಬ್ಬರು, ಸ್ಕೂಟರಿನ ಬ್ರೇಕ್ ವಾಯರು, ಎಲ್ಲ ಹೊಸದು. ಬಿಚ್ಚಿದ ಹಳೆಯದನ್ನು ಹಾಗೇ ಎಸೆಯುವಂತಿಲ್ಲ. ಹಿತ್ತಾಳೆಯ ತಟ್ಟೆಯಲ್ಲಿಟ್ಟು, ಅರಿಷಿಣ ಕುಂಕುಮ ಏರಿಸಿ, "ದುಡದಾವ, ದಣದಾವ" ಎಂದು ಮನೆಮಂದಿಯಿಂದೆಲ್ಲ ನಮಸ್ಕಾರ ಮಾಡಿಸಿ ಆಮೇಲೆ ಗುಜರಿಗೆ. ಮದುವೆಯಾಗಿ ಬಂದ ವರ್ಷ ನಾನೂ ತಲೆ ಮೇಲೆ ಸೆರಗು ಹೊದ್ದು ಒಂದು ಸವೆದ ವಾಷರಿಗೆ ಅಡ್ಡಬಿದ್ದವಳೇ. ನಗಬೇಡಿ, ಹೊಸ ಸೊಸೆಗೆ ಕೇಳುವ ಧೈರ್ಯ ಎಲ್ಲಿರುತ್ತದೆ?

ನಲವತ್ತು ದಾಟಿದ ಮೇಲೆ ನನ್ನ ಎಡ ಸ್ತನದಲ್ಲಿ ಗಂಟು ಕಂಡಿತು. ಕ್ಯಾನ್ಸರ್. ಮಿರಜಿನಲ್ಲಿ ಆಪರೇಷನ್ ಮಾಡಿ ಸ್ತನ ತೆಗೆದರು. ಔಷಧೋಪಚಾರವೆಲ್ಲ ಮುಗಿದ ಮೇಲೆ ಆ ಜಾಗಕ್ಕೆ ಸಿಲಿಕಾನಿನ ಇಂಪ್ಲಾಂಟ್ ಕೂಡಿಸಿದರು. ಬೇರೆ ಗಂಡಂದಿರು ಆಗ ಏನು ಕೇಳುತ್ತಾರೋ ಗೊತ್ತಿಲ್ಲ. ಇವರು ಕೇಳಿದ್ದು, "ಸಿಲಿಕಾನ್ ಯಾವ ಗ್ರೇಡ್‌ದ್ರಿ?" ಸಿಲಿಕಾನ್ ಎಂದರೆ ರಬ್ಬರಿನ ಬಳಗವೇ ಅಲ್ಲವೆ? ಅಂದಿನಿಂದ ನಾನೂ ಅವರ ಕಾರ್ಖಾನೆಯ ಲೆಕ್ಕಕ್ಕೆ ಸೇರಿದೆ.

ಹತ್ತು ವರ್ಷ ಸುಖವಾಗಿ ಹೋದವು. ಒಂದು ಖಂಡೇನವಮಿಯಂದು, ತಟ್ಟೆ ತುಂಬಿದ ಮೇಲೆ, ಪಾನಾ ಒರೆಸುತ್ತ ನನ್ನ ಕಡೆ ನೋಡಿದರು.

"ನಿಂದೂ ಹತ್ತ ವರ್ಷ ಆತಲಾ."

"ಏನು, ನನಗೂ ಪಾನಾ ಹಚ್ಚತೀರೇನು?"

"ಚಾಷ್ಟಿ ಅಲ್ಲ. ಹತ್ತ ವರ್ಷದ ಮ್ಯಾಲೆ ಸಿಲಿಕಾನ್ ನಂಬಬಾರದು. ದಸರಾ ಮುಗದ ಕೂಡ್ಲೆ ಮಿರಜಿಗೆ ಹೋಗೂಣು."

ನನಗೆ ಏನೂ ಆಗಿರಲಿಲ್ಲ. ಇನ್ನೊಮ್ಮೆ ಆಪರೇಷನ್ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಆದರೂ ಹೋದೆವು. ಡಾಕ್ಟರು ಸಿಗುವುದು ಸಂಜೆ. ಕತ್ತಲಾದ ಮೇಲೆ ನಾವು ಉಣ್ಣುವವರಲ್ಲ. ಹೀಗಾಗಿ ಆಸ್ಪತ್ರೆಯ ಅಂಗಳದಲ್ಲಿ ಸ್ಕೂಟರಿನ ಸೀಟಿನ ಮೇಲೇ ಡಬ್ಬಿ ಬಿಚ್ಚಿ, ಸೂರ್ಯನ ಮೇಲೆ ಒಂದು ಕಣ್ಣಿಟ್ಟು, ಗಬಗಬ ರೊಟ್ಟಿ ತಿಂದು ಒಳಗೆ ನಡೆದೆವು.

ಡಾಕ್ಟರು ಮಾಧವನಗರದ ಕಡೆಯ ಹುಡುಗಿ. ಮನೆಯಲ್ಲಿ ಕನ್ನಡ, ಬಾಯಿ ತೆರೆದರೆ ಮರಾಠಿ. "ಕಾಕಾ, ತಸಂ ನಸ್ತಂ," ಎಂದರು. ಹಾಗೇನೂ ಇರುವುದಿಲ್ಲ ಎಂದು. ಆಮೇಲೆ ಕನ್ನಡಕ್ಕೆ ಹೊರಳಿದರು. "ಇದು ಜನ್ಮಪೂರ್ತಿ ಬಾಳಿಕಿ ಬರೂದಲ್ಲ, ಖರೆ. ಆದ್ರ ಹತ್ತ ವರ್ಷಕ್ಕ ತಗೀಲೇಬೇಕಂತ ತಾರೀಖನೂ ಇಲ್ಲ. ಗಟ್ಟಿ ಆದ್ರ, ಆಕಾರ ಬದಲಾದ್ರ, ನೋವು ಬಾವು ಬಂದ್ರ, ಇಲ್ಲಾ ಒಡದ್ರ, ಆವಾಗ ಬದಲ ಮಾಡೂದು."

ನಮ್ಮವರು ಬಿಡುವ ಆಸಾಮಿಯೇ? "ಒಳಗ ಸೀಳಿದ್ರ ಹೊರಗ ಹೆಂಗ ತಿಳೀಬೇಕ್ರಿ? ನಮ್ಮ ಸೀಲ್ ಆದ್ರ ಎಣ್ಣಿ ಸೋರತೈತಿ."

"ಬರೋಬರ್ ಕೇಳಿದ್ರಿ ಕಾಕಾ. ಒಮ್ಮೊಮ್ಮೆ ಒಡದ್ರೂ ಏನೂ ತಿಳಿಯೂದಿಲ್ಲ. ಅದಕ್ಕ ನಡನಡುವೆ ಸ್ಕ್ಯಾನ್ ಮಾಡಿ ನೋಡೂದು."

ಸ್ಕ್ಯಾನ್ ಆಯಿತು, ಎಲ್ಲ ಸರಿಯಿತ್ತು. ನಾನು ಗೆದ್ದ ಠೀವಿಯಲ್ಲಿ ಹೊರಗೆ ಬಂದರೆ ಇವರ ಮುಖ ಸಪ್ಪಗೆ. "ಅಂದ್ರ ಏನೂ ಬದಲ ಮಾಡೂದಿಲ್ಲೇನು?" ಪಾನಾ ಹಿಡಿದ ಕೈ ಸುಮ್ಮನಿರಬೇಕಲ್ಲ. ಸಾಂಗಲಿಯ ದಾರಿಯಲ್ಲಿ ಗ್ಯಾರೇಜು ಕಂಡದ್ದೇ ತಡ, ಸ್ಕೂಟರಿನ ಶಾಕ್ ಅಬ್ಸಾರ್ಬರನ್ನೇ ಬದಲಿ ಮಾಡಿಸಿದರು, ನನಗೆ ಧಕ್ಕೆ ಬಡಿಯಬಾರದಂತೆ. ಗ್ಯಾರೇಜಿನ ಬಾಕಿನ ಮೇಲೆ ನನ್ನ ಮಗ್ಗುಲಲ್ಲಿ ಕೂತು ಸ್ಕ್ಯಾನಿನ ಕಾಗದ ಬಿಚ್ಚಿ, ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿದ್ದರು.

"ಅಂಜಿದ್ರೇನು?" ಎಂದೆ.

"ಎಲ್ಲಾದಕ್ಕೂ ಸ್ಪೇರ್ ಸಿಗತೈತಿ," ಎಂದರು. "ನಿನಗ ಸಿಗೂದಿಲ್ಲಲಾ."

ಅವರು ಹೋಗಿ ಕೆಲವು ಖಂಡೇನವಮಿಗಳಾದವು. ಒಂದು ಮಧ್ಯಾಹ್ನ ಹೃದಯ ನಿಂತಿತು. ಅದೊಂದನ್ನು ಮೊದಲೇ ಬದಲಿಸುವ ದಾರಿ ಅವರಿಗೂ ತಿಳಿದಿರಲಿಲ್ಲ. ಪಾನಾ ಪೆಟ್ಟಿಗೆಯನ್ನು ನಾನು ಮುಟ್ಟಿಲ್ಲ. ಕುಕ್ಕರಿನ ರಬ್ಬರು ಸಡಿಲಾದಾಗಿನಿಂದ ಅದನ್ನು ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡಿಕೊಂಡು ದಿನ ನೂಕುತ್ತಿದ್ದೇನೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಹಾಗೆ ನೂಕುತ್ತಿರುವುದು ಕುಕ್ಕರಿನದ್ದೊಂದೇ ಅಲ್ಲ. ಕೆಲವು ತಿಂಗಳಿಂದ ನನ್ನ ಎಡಭಾಗ ಗಟ್ಟಿಯಾಗಿದೆ, ಮೇಲಕ್ಕೆ ಸರಿದಂತಿದೆ. ಕುಪ್ಪಸ ಸೊಟ್ಟ ಕೂಡುತ್ತದೆಂದು ಟೇಲರನನ್ನು ಬೈದೆ, ಟೇಲರನನ್ನೇ ಬದಲಿಸಿದೆ. ಡಾಕ್ಟರು ಹೇಳಿದ ಗುರುತುಗಳೆಲ್ಲ ಬಾಯಿಪಾಠ ಇದ್ದರೂ ಮಿರಜಿನ ಕಡೆ ಹೋಗಲಿಲ್ಲ. ಹೆದರಿಕೆ. ಮೊದಲು ಹೆದರುವ ಕೆಲಸ ಅವರದು, ನಗುವುದು ನನ್ನದು. ಈಗ ಎರಡೂ ನನ್ನ ಪಾಲಿಗೇ ಬಂದಿವೆ.

ಒಲೆ ಒರೆಸಿ, ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಪಾನಾಗಳ ಕೆಳಗೆ ಕುಕ್ಕರಿನ ಹೊಸ ರಬ್ಬರುಗಳ ಒಂದು ದೊಡ್ಡ ಕಟ್ಟು. ನಾನು ನೂರು ವರ್ಷ ಬೇಳೆ ಬೇಯಿಸುತ್ತೇನೆಂದು ತಿಳಿದಿದ್ದರೋ ಏನೋ! ಅಳು ಬಂತು, ಅತ್ತುಬಿಟ್ಟೆ. ಒಂದನ್ನು ತೆಗೆದು ಹಾಕಿದೆ. ಕುಕ್ಕರು ಓಣಿಗೆಲ್ಲ ಕೇಳುವಂತೆ ಸೀಟಿ ಹೊಡೆಯಿತು. ಆ ಧೈರ್ಯದಲ್ಲೇ ಮಿರಜಿಗೆ ಫೋನ್ ಹಚ್ಚಿ ಡಾಕ್ಟರಿಗೆ ಎಲ್ಲ ಹೇಳಿದೆ.

"ನಾಳೆನೇ ಬರ್ರಿ ಮಾವಶಿ. ಸ್ಕ್ಯಾನ್ ಮಾಡಿ ನೋಡೂಣು. ಬದಲ ಮಾಡೂದಿದ್ರ ಮಾಡೂಣು. ಅಂಜಬ್ಯಾಡ್ರಿ."

"ಅಂಜಿಕಿ ಐತ್ರಿ, ಆದ್ರ ಬರ್ತೀನಿ. ಒಂದ ಮಾತು. ತಗದ್ರ ಹಳೇದು ನನ್ನ ಕೈಗೆ ಕೊಡ್ತೀರೇನು?"

"ಅದನ್ನ ತಗೊಂಡ ಏನ ಮಾಡ್ತೀರಿ ಮಾವಶಿ?"

ಹಿತ್ತಾಳೆಯ ತಟ್ಟೆಯಲ್ಲಿ ಕುಕ್ಕರಿನ ಹಳೆಯ ರಬ್ಬರನ್ನು ಆಗಲೇ ಇಟ್ಟು ಕುಂಕುಮ ಏರಿಸಿದ್ದೆ. ಅದರ ಮಗ್ಗುಲಲ್ಲಿ ಇನ್ನೊಂದಕ್ಕೆ ಜಾಗವಿತ್ತು.

"ಬಾಳ ವರ್ಷ ದುಡದೈತ್ರಿ," ಎಂದೆ. "ನಮಸ್ಕಾರ ಮಾಡಿ ಕಳಸೂದೈತಿ."