ಅಪ್ಪ ಏರಿಸಿದ ಶಟರ್

ಮದುವೆ ವಿಡಿಯೊ ತೆಗೆಯುವುದು ಅಪ್ಪ, ಎಡಿಟ್ ಮಾಡುವುದು ನಾನು. ಜೋಗುಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಕಾಕ್ಸ್ ಟೌನಿನ ಚರ್ಚೊಂದರಲ್ಲಿ ಅವನು ತೆಗೆದುಕೊಂಡು ಬಂದಿದ್ದ ಮದುವೆಯನ್ನು ಆ ಮಧ್ಯಾಹ್ನ ತೆರೆದರೆ, ಅಯ್ಯೋ ದೇವರೇ, ಎಲ್ಲಾ ಕತ್ತಲು! ವಧುವಿನ ಬಿಳಿ ಗೌನು ಬೂದಿ ಬಣ್ಣಕ್ಕೆ ತಿರುಗಿತ್ತು. ಎಕ್ಸ್‌ಪೋಷರ್ ಏರಿಸಿದೆ. ಮುಖ ಕಂಡಿತು, ಜೊತೆಗೆ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು. ನಡಿಗೆಯೂ ಕೀಲುಗೊಂಬೆಯಂತೆ ಟಕಟಕ.

ಅಪ್ಪ ಶಟರ್ ವೇಗವನ್ನು ಸಿಕ್ಕಾಪಟ್ಟೆ ಏರಿಸಿದ್ದ. ಶಟರ್ ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕು ಕಡಿಮೆ. ಚಲನೆಯಲ್ಲಿ ಕಣ್ಣಿಗೆ ಹಿತವಾಗಿರುವ ಸಣ್ಣ ಮಸುಕೂ ಇರುವುದಿಲ್ಲ. ಇದನ್ನು ನನಗೆ ಕಲಿಸಿದವನೇ ಅವನು. ಮರೆವು ಶುರುವಾಯಿತೇ?

ಕ್ಲಿಪ್ ತೆರೆದ ಕೂಡಲೇ ಅಲುಗಾಟ ನಿಲ್ಲಿಸುವ ಎಫೆಕ್ಟ್ ಹಾಕಿಬಿಡುವುದು ನನ್ನ ಅಭ್ಯಾಸ. ಈಗ ಅದನ್ನು ತೆಗೆದು ನೋಡಿದೆ. ವಧು ಸುಮ್ಮನೆ ನಿಂತಿದ್ದಳು, ಚೌಕಟ್ಟು ಮಾತ್ರ ನಡುಗುತ್ತಿತ್ತು. ಸುಸ್ತಾದ ಕೈಯ ಓಲಾಟವಲ್ಲ ಅದು. ಸಣ್ಣಗೆ, ಒಂದೇ ಸಮನೆ. ಅಪ್ಪನ ಅಪ್ಪ, ನಮ್ಮ ತಾತನಿಗೂ ಕೈನಡುಕ ಹೀಗೇ ಶುರುವಾಗಿತ್ತು. ಕೊನೆಕೊನೆಗೆ ಅಮ್ಮನೇ ಅವನ ಬಾಯಿಗೆ ತುತ್ತು ಇಡಬೇಕಾಗಿತ್ತು.

ಅಪ್ಪ ಬೇಕರಿಯಿಂದ ದಿಲ್‌ಪಸಂದ್ ಹಿಡಿದು ಬಂದ.

"ಅಪ್ಪಾ, ಶಟರ್ ಯಾಕೆ ಅಷ್ಟು ಏರ್ಸಿದ್ದೆ?"

"ಲೈಟ್ ಜಾಸ್ತಿ ಇತ್ತು ಕಣೇ."

"ಚರ್ಚೊಳಗಾ? ಯಾರ ಕಿವಿಗೆ ಹೂವ ಇಡ್ತೀಯಾ?"

ಅಪ್ಪ ಅಡುಗೆಮನೆಯತ್ತ ನೋಡಿದ. ಅಮ್ಮ ಅಲ್ಲಿದ್ದಳು. ಧ್ವನಿ ತಗ್ಗಿಸಿ, "ನೀನೇ ಹೇಳಿದ್ದಲ್ವಾ? ಅಲ್ಲಾಡಿದ್ರೆ ನಿಲ್ಲಿಸ್ಬೋದು, ಮಸುಕಾದ್ರೆ ಏನೂ ಮಾಡಕ್ಕಾಗಲ್ಲ ಅಂತ. ಶಟರ್ ಏರ್ಸಿದ್ರೆ ಮಸುಕಾಗಲ್ವಲ್ಲ, ಕತ್ಲಾದ್ರೆ ಆಗ್ಲಿ ಅಂದ್ಕೊಂಡೆ," ಎಂದ.

ಅಂದರೆ ಕೈ ನಡುಗುವುದು ಅವನಿಗೆ ಗೊತ್ತಿತ್ತು. ಮರೆತಿರಲಿಲ್ಲ, ಬಚ್ಚಿಟ್ಟಿದ್ದ. ಕೆಲಸಕ್ಕೆ ಕೈಹಾಕಿದೆ. ನಡುಕ ನಿಲ್ಲಿಸಿದೆ, ಬೆಳಕು ಏರಿಸಿದೆ, ಕಾಳು ಕಡಿಮೆ ಮಾಡಿ, ನಡಿಗೆಗೆ ಕೃತಕ ಮಸುಕು ಸೇರಿಸಿದೆ. ವಧು ಮನುಷ್ಯರ ಹಾಗೆ ನಡೆದು ಬಂದಳು.

ಅಪ್ಪನ ಮುಖ ಅರಳಿತು. "ಭೇಷ್! ಯಾರ್ಗೂ ಗೊತ್ತೇ ಆಗಲ್ಲ. ನೀನು ಹಿಂಗೇ ಮಾಡ್ತಾ ಇರು, ಎಷ್ಟು ಮದ್ವೆ ಬೇಕಾದ್ರೂ ತೆಗೀತೀನಿ. ಡಾಕ್ಟ್ರು ಗೀಕ್ಟ್ರು ಏನೂ ಬೇಡ."

ನಿಜವಾದ ಭಯ ಹುಟ್ಟಿದ್ದು ಆಗ. ಅವನ ಕಾಯಿಲೆಯನ್ನು ಎಷ್ಟು ದಿನ ಬೇಕಾದರೂ ಮುಚ್ಚಿಡುವ ವಿದ್ಯೆ ನನ್ನ ಕೈಯಲ್ಲೇ ಇತ್ತು. ಹಾಕಿದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಚಿತ್ರ ಮತ್ತೆ ಕತ್ತಲಾಯಿತು, ಮತ್ತೆ ನಡುಗಿತು.

"ಏಯ್, ಯಾಕೆ ತೆಗ್ದೆ?"

"ನಾಳೆ ಡಾಕ್ಟ್ರ ಹತ್ರ ಹೋಗೋಣ. ಬಂದ್ಮೇಲೆ ಹಾಕ್ತೀನಿ."

ಅಪ್ಪ ಮತ್ತೆ ಅಡುಗೆಮನೆಯತ್ತ ಕಣ್ಣು ಹಾಯಿಸಿದ. "ನಿಮ್ ತಾತಂಗೆ ಹೇಳಿದ್ದೇ ನಂಗೂ ಹೇಳ್ಬಿಟ್ರೆ?"

ನನಗೂ ಅದೇ ಭಯ. ಇನ್ನೊಂದು ನಿಮಿಷ ತಡೆದರೆ ಅವನ ಮಾತಿಗೆ ಸೋತುಬಿಡುತ್ತೇನೆ ಅನ್ನಿಸಿತು.

"ಅಮ್ಮಾ," ಎಂದು ಕೂಗಿದೆ, "ಸ್ವಲ್ಪ ಬಾ ಇಲ್ಲಿ, ಇದನ್ನ ನೋಡು."