ಯಾರ ಪರವೂ ನಿಲ್ಲದ ವಕೀಲಮ್ಮ

ನಮ್ಮ ವಕೀಲಮ್ಮ, ನಮ್ಮ ವಕೀಲಮ್ಮ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಬೇಕಾದ ಹೊತ್ತಿಗೆ ಆಕೆ ಕೈಯೆತ್ತಿಬಿಟ್ಟರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಟೈರ್ ಅಂಗಡಿಯ ಮೇಲೆ ಅವರ ಕೋಣೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ರಬ್ಬರ್ ವಾಸನೆ. ಜಾಗದ ಪತ್ರ, ವ್ಯಾಪಾರದ ಕರಾರು, ಅಂಗಡಿಯ ಹೆಸರು ಮತ್ತು ಮುದ್ರೆಯ ನೋಂದಣಿ, ಇಷ್ಟೇ ಅವರ ಕೆಲಸ. ಹೊಡೆದಾಟ, ಕಳವು ಎಂದು ಯಾರಾದರೂ ಮೆಟ್ಟಿಲು ಹತ್ತಿದರೆ, "ಅದಕ್ಕೆ ಗಟ್ಟಿ ಗಂಟಲಿನವರು ಬೇರೆ ಇದ್ದಾರೆ, ಹೋಗಪ್ಪ" ಎನ್ನುತ್ತಿದ್ದರು. ಸಹಿಗೆ ಮೊದಲು ಪತ್ರವನ್ನೆಲ್ಲ ಓದಿ ಹೇಳುವರು. ಸುಮ್ಮನೆ ತಲೆಯಾಡಿಸಿದರೆ, "ಏನು ಅರ್ಥ ಆಯ್ತು, ಹೇಳು" ಎಂದು ಹಿಡಿದುಕೊಳ್ಳುವರು. ನಾನು ಶಾಲೆ ಬಿಟ್ಟಿದ್ದೇ ಆ ಪ್ರಶ್ನೆಗೆ ಹೆದರಿ.

ನಾನೂ ನನ್ನ ತಮ್ಮನೂ ಕಬ್ಬಿಣದ ಬೀರು ಮಾಡುವವರು. ನಮ್ಮ ಪಾಲುದಾರಿಕೆ ಬರೆದವರು, ಶೆಡ್ಡಿನ ಜಾಗದ ಪತ್ರ ನೋಡಿದವರು, ಬೀರುವಿನ ಬಾಗಿಲ ಮೇಲೆ ನಾವು ಒತ್ತುವ ಜೋಡಿ ಬೀಗದ ಮುದ್ರೆಯನ್ನು ಇಬ್ಬರ ಹೆಸರಿಗೂ ಮಾಡಿಸಿಕೊಟ್ಟವರು ಅವರೇ. ಒಂದು ದಿನ ತಮ್ಮ, "ನಾನು ಬೇರೆ ಆಗ್ತೀನಿ, ಮುದ್ರೆ ನಂದು" ಎಂದ. ಮುದ್ರೆ ಹೋದರೆ ನನ್ನ ಬೀರು ಬರೀ ತಗಡಿನ ಡಬ್ಬ. ಮಾರನೆಯ ದಿನ ವಕೀಲಮ್ಮನ ಬಳಿ ಓಡಿದೆ.

"ನಿನ್ನ ಪರ ನಿಲ್ಲೋಕಾಗಲ್ಲ. ಬೇರೆಯವರನ್ನ ನೋಡ್ಕೋ."

"ಯಾಕಮ್ಮ, ನಾನೇನು ಹೊರಗಿನವನಾ?"

"ಹೊರಗಿನವನಾಗಿದ್ರೆ ನಿಲ್ತಿದ್ದೆ. ನಿಮ್ಮಿಬ್ಬರ ಒಳಗುಟ್ಟೂ ನಂಗೊತ್ತು."

"ಹಾಗಾದ್ರೆ ಅವನ ಪರ ನಿಲ್ತೀರಾ? ಬಂದಿದ್ನಾ ಅವನು?"

"ಬಂದಿದ್ನೋ ಇಲ್ವೋ, ಅದನ್ನೂ ಹೇಳೋ ಹಾಗಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಬಾಗಿಲನ್ನು ಧಡಾರನೆ ಎಳೆದುಕೊಂಡು ಇಳಿದೆ. ಕೆಳಗೆ ಟೈರುಗಳ ನಡುವೆ ತಮ್ಮ ನಿಂತಿದ್ದ.

"ನಿನ್ನ ವಕೀಲಮ್ಮನಿಗೆ ಎಲ್ಲಾ ಊದಿ ಬಂದ್ಯಾ?"

"ನನ್ನವರಾ? ನಿನ್ನವರಲ್ವೇನೋ?"

"ನಿನ್ನೆ ಸಂಜೆ ನನ್ನನ್ನ ಓಡಿಸಿದ್ರಲ್ಲಣ್ಣ."

"ನನ್ನನ್ನ ಈಗ."

ಇಬ್ಬರೂ ಅಂಗಡಿಯ ದಾರಿಗೆ ಅಡ್ಡ ನಿಂತುಬಿಟ್ಟಿದ್ದೆವು. "ಗಿರಾಕಿಗಳು ಬರ್ತಾರೆ, ಕೂತ್ಕೊಂಡು ಜಗಳ ಆಡಿ" ಎಂದು ಟೈರ್ ಅಂಗಡಿಯವನು ಬೆಂಚು ತೋರಿಸಿದ. ಕೂತೆವು.

"ಹೊಸ ವಕೀಲರ ಹತ್ರ ಹೋದ್ರೆ, ಮುದ್ರೆಯ ಚಿತ್ರ ಬರೆದಿದ್ದು ಯಾರು ಅಂತ ಕೇಳ್ತಾರೆ" ಎಂದ ತಮ್ಮ.

"ನಾನೇ."

"ಒಂದು ಬೀಗ ಬರೆದಿದ್ದು ನೀನು. ಇನ್ನೊಂದು ನಾನು."

ಅದು ನಿಜ. ಕೊನೆಗೆ ಶೆಡ್ಡು ಬೇರೆ, ಮುದ್ರೆ ಇಬ್ಬರದೂ ಎಂದುಕೊಂಡು ಒಟ್ಟಿಗೆ ಮೇಲೆ ಹೋದೆವು. ಇಬ್ಬರಿಗೂ ಒಪ್ಪಿಗೆ ತಾನೇ ಎಂದು ಒಬ್ಬೊಬ್ಬರನ್ನೇ ಕೇಳಿ, ಆಕೆ ಕರಾರು ಬರೆದುಕೊಟ್ಟರು. ಬರೆದಿದ್ದಕ್ಕೆ ಫೀಸೂ ತೆಗೆದುಕೊಂಡರು.

"ಮೊದಲು ಬಂದಾಗಿನದು ಎಷ್ಟಮ್ಮ?"

"ಆಗ ನಾನೇನು ಮಾಡಿದೆ? ಏನೂ ಇಲ್ಲ."

ಬೇಕೆಂದೇ ನಮ್ಮನ್ನು ಆ ಬೆಂಚಿಗೆ ಇಳಿಸಿದರೋ, ಬರೀ ಕಾನೂನು ನೋಡಿದರೋ, ನನಗಿನ್ನೂ ಗೊತ್ತಿಲ್ಲ. ಕೇಳಿದರೆ ನಗುತ್ತಾರೆ, ನನಗೆ ಮೈ ಉರಿಯುತ್ತದೆ. ಮಾಡದ ಕೆಲಸದ ಬಾಕಿಯನ್ನು ಯಾವ ಲೆಕ್ಕದಲ್ಲಿ ತೀರಿಸುವುದು? ಅದು ಹಾಗೇ ಇದೆ.