ರುವಾನಿಗೆ ಹೊರಟಿದ್ದ ಜಾಮ್

ಪ್ಯಾರಿಸಿನ ಉತ್ತರಕ್ಕಿರುವ ಅಮಿಯಾಂ ಪಟ್ಟಣದ ಕನ್ನಡಕದ ಅಂಗಡಿಯೊಂದರಲ್ಲಿ ಎಡ್ವಿಜ್ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ, ಕಿವಿಯ ಹಿಂದೆ ಎಷ್ಟು ಬಾಗಬೇಕೋ ಅಷ್ಟೇ ಬಗ್ಗಿಸಿ, ಗಿರಾಕಿಯ ಮೂಗಿನ ಮೇಲೆ ಕೂರಿಸುವುದು ಅವಳ ಕೆಲಸ. ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ತನ್ನ ವಿಷಯ ಬಂದಾಗ ಮಾತ್ರ ಎಲ್ಲವನ್ನೂ ತನ್ನ ಮೂಗಿನ ನೇರಕ್ಕೇ ನೋಡುತ್ತಿದ್ದಳು.

ಅಂಗಡಿಯಲ್ಲಿ ಅವಳ ಜೊತೆಗಿದ್ದವಳು ಗಿಲೇನ್. ಕ್ರೈಸ್ತರ ಸ್ವರ್ಗಾರೋಹಣದ ಹಬ್ಬ ಬರುವುದೇ ಗುರುವಾರ. ಶುಕ್ರವಾರ, ಶನಿವಾರ ರಜೆ ಹಾಕಿದರೆ, ಅಂಗಡಿ ಮುಚ್ಚುವ ಭಾನುವಾರ, ಸೋಮವಾರಗಳೂ ಸೇರಿ ಐದು ದಿನ ಕೈಗೆ ಸಿಗುತ್ತವೆ. ಊರೆಲ್ಲ ಚಳಿಗಾಲದಿಂದಲೇ ಕಾಯುವ, ಹಬ್ಬಕ್ಕೂ ವಾರದ ರಜೆಗೂ ನಡುವಿನ ‘ಸೇತುವೆ’ ಇದು. ಇಬ್ಬರೂ ಒಟ್ಟಿಗೆ ಹೋದರೆ ಅಂಗಡಿ ನೋಡಿಕೊಳ್ಳುವವರು ಯಾರು? ಅದಕ್ಕೇ ಒಂದು ವರ್ಷ ಇವಳು, ಒಂದು ವರ್ಷ ಅವಳು. ಈ ಸಲದ ಸೇತುವೆ ಗಿಲೇನಳದು. ಗಂಡನ ಜೊತೆ ಸಮುದ್ರದ ದಂಡೆಗೆ ಹೋಗಿ ಹೊಟ್ಟೆ ತುಂಬ ಮೀನು ತಿನ್ನುತ್ತೇನೆಂದು ಫೆಬ್ರವರಿಯಿಂದಲೇ ಹೇಳುತ್ತಿದ್ದಳು.

ಎಡ್ವಿಜಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆನ್ಸಿಯ ಸರೋವರದ ಚಿತ್ರವಿತ್ತು. ಆ ನೀಲಿ ನೀರು ಅವಳ ತಲೆ ಕೆಡಿಸಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತಾ ಬಾಯಿಬಿಟ್ಟಳು.

“ಗಿಲೇನ್, ಈ ಸಲದ ಸೇತುವೆ ನನಗೆ ಬಿಟ್ಟುಕೊಡ್ತೀಯಾ? ರುವಾನಿನ ವೃದ್ಧಾಶ್ರಮದಲ್ಲಿ ನಮ್ಮ ರೇಮೊಂಡ್ ಅತ್ತೆ ಇದಾರಲ್ಲ, ಹೋಗಿ ನೋಡ್ಬೇಕು. ಮೂರು ವರ್ಷ ಆಯ್ತು.”

ಗಿಲೇನ್ ಚಮಚ ಕೆಳಗಿಟ್ಟಳು. “ಮೂರು ವರ್ಷವಾ? ನಾಚಿಕೆ ಆಗಲ್ವೇನೇ ನಿನಗೆ? ಹೋಗು ಮಾರಾಯ್ತಿ, ಹೋಗು. ಸಮುದ್ರ ಎಲ್ಲೂ ಓಡಿಹೋಗಲ್ಲ. ನನ್ನ ಗಂಡ ಒಂದೆರಡು ದಿನ ಮುಖ ಊದಿಸ್ಕೋತಾನೆ, ಅಷ್ಟೇ.”

ಹೇಳುವಾಗ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ತಾಯಿ ಕಾಯಿಲೆ ಬಿದ್ದಿದ್ದಾಗ ಎಡ್ವಿಜಳನ್ನು ಎರಡು ಚಳಿಗಾಲ ಮನೆಯಲ್ಲಿಟ್ಟುಕೊಂಡು ಸಾಕಿದವಳು ಇದೇ ಸೋದರತ್ತೆ. ಆದರೆ ಕಳೆದ ಬಾರಿ ನೋಡಲು ಹೋದಾಗ ಅತ್ತೆ ಅವಳನ್ನು ಗುರುತಿಸದೆ, ಯಾವಾಗಲೋ ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಿದ್ದಳು. ಅಲ್ಲಿಂದಾಚೆಗೆ ಎಡ್ವಿಜ್ ಆ ಕಡೆ ತಲೆ ಹಾಕಿರಲಿಲ್ಲ. ಗುರುತೇ ಇಲ್ಲದ ಮೇಲೆ ಹೋದರೇನು, ಬಿಟ್ಟರೇನು? ಈ ಮಾತನ್ನು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ!

ಮೂರು ವಾರ ರುವಾನೋ ಆನ್ಸಿಯೋ ಎಂದು ಒದ್ದಾಡಿದಳು. ಆನ್ಸಿಗೆ ಟಿಕೆಟ್ ಮುಗಿದುಹೋದರೆ ಎಂಬ ನೆಪದಲ್ಲಿ ಟಿಕೆಟ್ ತೆಗೆದಿಟ್ಟಳು. ರುವಾನಿನ ರೈಲಿಗೆ ಮುಂಗಡ ಟಿಕೆಟ್ ಬೇಕಿಲ್ಲ, ನಿಲ್ದಾಣದಲ್ಲೇ ತೆಗೆದುಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಬುಧವಾರ ಸಂಜೆ ಅಂಗಡಿ ಮುಚ್ಚುವಾಗ ಗಿಲೇನ್ ಒಂದು ಜಾಮ್ ಬಾಟಲಿ ತಂದು ಅವಳ ಕೈಯಲ್ಲಿಟ್ಟಳು. ಹಳದಿ ಪ್ಲಮ್ ಹಣ್ಣಿನದು. ಮುಚ್ಚಳಕ್ಕೆ ಚೌಕುಳಿ ಬಟ್ಟೆ ಕಟ್ಟಿತ್ತು.

“ನಿಮ್ಮತ್ತೆಗೆ ಕೊಡು. ನಮ್ಮ ಹಿತ್ತಲ ಮರದ್ದೇ. ಹೋದ ವರ್ಷದ್ದರಲ್ಲಿ ಕೊನೇ ಬಾಟ್ಲಿ ಕಣೆ, ದಾರೀಲಿ ನೀನೇ ನೆಕ್ಕಿಬಿಟ್ಟೀಯ ಮತ್ತೆ!”

ಗುರುವಾರ ಬೆಳಿಗ್ಗೆ ನಿಲ್ದಾಣದಲ್ಲಿ ಎರಡು ರೈಲುಗಳೂ ನಿಂತಿದ್ದವು, ಈ ಕಡೆ ರುವಾನಿನದು, ಆ ಕಡೆ ಪ್ಯಾರಿಸಿನದು. ಪ್ಯಾರಿಸಿಗೆ ಹೋಗಿ ಆನ್ಸಿಯ ರೈಲು ಹಿಡಿಯಬೇಕು. ಎಡ್ವಿಜ್ ನಡುವೆ ನಿಂತಳು. ಚೀಲದಲ್ಲಿದ್ದ ಬಾಟಲಿ ಮೊಣಕಾಲಿಗೆ ತಾಗುತ್ತಿತ್ತು. ಸೀಟಿ ಊದಿದಾಗ ಯಾರೋ ಕತ್ತು ಹಿಡಿದು ದೂಡಿದಂತೆ ಪ್ಯಾರಿಸಿನ ರೈಲು ಹತ್ತಿದಳು. ಯಾರೂ ದೂಡಿರಲಿಲ್ಲ.

ಸರೋವರ ಚಿತ್ರಕ್ಕಿಂತ ಚೆಂದವಾಗಿತ್ತು, ಅದೇ ಅವಳಿಗೆ ಶಿಕ್ಷೆಯಾಯಿತು. ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಭಾನುವಾರ ದಡದ ಬೆಂಚಿನ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ಎಡ್ವಿಜಳ ಬೆರಳುಗಳು ತಾವಾಗಿಯೇ ಮುಂದಾದವು. ಮುದುಕಿ ತಲೆಯೆತ್ತಿ ನಗುವಷ್ಟರಲ್ಲಿ ಇವಳು ಮುಖ ತಿರುಗಿಸಿ ಸರಸರನೆ ನಡೆದುಬಿಟ್ಟಳು. ಜಾಮಿನ ಬಾಟಲಿ ಹೋಟೆಲಿನ ಮೇಜಿನ ಮೇಲಿತ್ತು. ತೆರೆಯಲೂ ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ. ಹಾಗೇ ವಾಪಸು ತಂದಳು.

ಮಂಗಳವಾರ ಗಿಲೇನ್ ಮೊದಲೇ ಅಂಗಡಿಗೆ ಬಂದು ಕನ್ನಡಕದ ಚೌಕಟ್ಟುಗಳನ್ನು ಒರೆಸುತ್ತಿದ್ದಳು.

“ಹೆಂಗಿದ್ರು ಅತ್ತೆ?”

“ಚೆನ್ನಾಗಿದ್ರು. ಜಾಮ್ ತುಂಬಾ ಇಷ್ಟ ಆಯ್ತು ಅವರಿಗೆ.” ಎಡ್ವಿಜ್ ಚೀಲವನ್ನು ಮೇಜಿನ ಕೆಳಕ್ಕೆ ತಳ್ಳಿದಳು. ಬಾಟಲಿ ಇನ್ನೂ ಅದರಲ್ಲೇ ಇತ್ತು.

ಗಿಲೇನ್ ಒರೆಸುವುದನ್ನು ನಿಲ್ಲಿಸಲಿಲ್ಲ. “ಶುಕ್ರವಾರ ಆಶ್ರಮಕ್ಕೆ ಫೋನ್ ಮಾಡಿದ್ದೆ. ಸಕ್ಕರೆ ಕಾಯಿಲೆ ಇದ್ರೆ ಜಾಮ್ ಕೊಡಬಾರದಲ್ಲ, ಅದನ್ನ ಕೇಳೋಣ ಅಂತ. ಅವರ ಅಣ್ಣನ ಮಗಳು ಬಂದಿದಾಳಲ್ಲ ಅಂದೆ. ಯಾರೂ ಬಂದಿಲ್ಲ, ಹಾಗಾದ್ರೆ ಇವತ್ತೋ ನಾಳೆಯೋ ಬರ್ತಾಳೇನೋ ಅಂದ್ಲು ನರ್ಸು. ಹೋಗಿ ನಿಮ್ಮತ್ತೆಗೆ ಹೇಳಿಯೂ ಬಿಟ್ಲಂತೆ.”

ಎಡ್ವಿಜ್ ಮೇಜಿನ ಮೇಲಿದ್ದ ಕನ್ನಡಕವೊಂದನ್ನು ಕೈಗೆತ್ತಿಕೊಂಡು ಅದರ ಕಡ್ಡಿ ಮಡಚಿದಳು.

“ಶನಿವಾರ ಅಂಗಡಿ ಮುಚ್ಚಿ ಮತ್ತೆ ಫೋನ್ ಮಾಡಿದೆ. ಬೆಳಿಗ್ಗೇನೇ ತಲೆ ಬಾಚಿಸಿಕೊಂಡು, ಕೋಟು ಹಾಕ್ಕೊಂಡು ಬಾಗಿಲ ಹತ್ರ ಕೂತಿದಾರೆ, ಊಟಕ್ಕೂ ಏಳಲಿಲ್ಲ ಅಂದ್ಲು. ಆಸೆ ಹುಟ್ಟಿಸಿದ್ದು ನನ್ನ ಬಾಯಿ ತಾನೇ? ಭಾನುವಾರ ನಾನೇ ಹೋದೆ.”

“ಗಿಲೇನ್…”

“ಬಾಗಿಲಲ್ಲಿ ನನ್ನ ನೋಡಿದ್ದೇ ತಡ, ಎರಡೂ ಕೈ ಚಾಚಿ, ‘ಎಡ್ವಿಜ್, ಬಂದ್ಯಾ ಮಗಳೇ’ ಅಂದ್ರು.” ಗಿಲೇನ್ ಈಗ ಬಟ್ಟೆ ಕೆಳಗಿಟ್ಟು ಅವಳನ್ನೇ ನೋಡಿದಳು. “ನಾನು ಅಲ್ಲ ಅನ್ನಲಿಲ್ಲ ಕಣೆ. ಹೂಂ ಅತ್ತೆ, ಬಂದೆ ಅಂದೆ.”